ಮುನಿಸಿಕೊಂಡು ಹೋದರೂ ಕುರ್ಚಿ ಬಿಟ್ಟು ಹೋದರು

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಅಮೆರಿಕದ 1800ರ ಚುನಾವಣೆಯನ್ನು ಕಳೆದ ಸಂಚಿಕೆಯಲ್ಲಿ ಶಾಂತಿಯುತ ಅಧಿಕಾರ ಹಸ್ತಾಂತರ ಅಂತ ಹೊಗಳಿದ್ದೀರಿ. ಸೋತ ಜಾನ್ ಆಡಮ್ಸ್ ಪ್ರಮಾಣವಚನಕ್ಕೂ ನಿಲ್ಲದೆ ಊರು ಬಿಟ್ಟರಲ್ಲ, ಇದು ಯಾವ ಶಾಂತಿ?"

ಮೇಷ್ಟ್ರೇ, ನೀವು ಹೇಳಿದ್ದು ನಿಜ. 1801ರ ಮಾರ್ಚ್ 4ರಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಅವರು ಗಾಡಿ ಹತ್ತಿದರು. ಮೂರು ತಿಂಗಳ ಹಿಂದಷ್ಟೇ ಮೂವತ್ತು ವರ್ಷದ ಮಗ ಚಾರ್ಲ್ಸ್ ತೀರಿಕೊಂಡಿದ್ದ. ಹೊರಡುವ ಮುಂಚೆ ತಮ್ಮ ಪಕ್ಷದವರನ್ನೇ ನ್ಯಾಯಾಧೀಶರನ್ನಾಗಿ ಮಾಡಿದ್ದೂ ಹೌದು. ಆದರೆ ಹೋದರು, ನೋಡಿ. ಸೈನ್ಯ ಅವರ ಕೈಯಲ್ಲೇ ಇತ್ತು, ಹೋಗೋದಿಲ್ಲ ಅನ್ನಲಿಲ್ಲ. ಸೋತ ಅಧ್ಯಕ್ಷ ಏನು ಮಾಡಬೇಕು ಅಂತ ತೋರಿಸೋಕೆ ಅವರಿಗಿಂತ ಮುಂಚೆ ಆ ದೇಶದಲ್ಲಿ ಯಾರೂ ಸೋತಿರಲಿಲ್ಲ. ನನಗೆ ಅಷ್ಟು ಸಾಕು. ನಗುತ್ತಾ ಕೈ ಕುಲುಕಬೇಕಿತ್ತು ಅಂತ ನಾನು ಕೇಳುವುದಿಲ್ಲ.

ಜಗಳ ಬಹಳ ಇತ್ತು. ಆಗ ಅಧ್ಯಕ್ಷನನ್ನು ಆರಿಸಲು ರಾಜ್ಯಗಳು ಕಳಿಸುವ ಪ್ರತಿನಿಧಿ, ಅಂದರೆ ಒಬ್ಬೊಬ್ಬ ಎಲೆಕ್ಟರ್‌ಗೆ ಎರಡೆರಡು ಓಟು, ಯಾವುದು ಅಧ್ಯಕ್ಷನಿಗೆ ಯಾವುದು ಉಪಾಧ್ಯಕ್ಷನಿಗೆ ಅಂತ ಬರೆಯುವ ಹಾಗಿರಲಿಲ್ಲ. ಹಾಗಾಗಿ ಎದುರು ಪಕ್ಷದ ಥಾಮಸ್ ಜೆಫರ್ಸನ್‌ಗೂ 73, ಅವರ ಜೊತೆಗೇ ಉಪಾಧ್ಯಕ್ಷನಾಗಲು ನಿಂತಿದ್ದ ಆರನ್ ಬರ್‌ಗೂ 73. ಆಡಮ್ಸ್‌ಗೆ 65. ತೀರ್ಮಾನ ಕೆಳಮನೆಗೆ ಹೋಯಿತು. ರಾಜ್ಯಕ್ಕೊಂದು ಓಟು, ಅದು ಯಾರಿಗೆ ಅಂತ ಆ ರಾಜ್ಯದ ಸದಸ್ಯರಲ್ಲಿ ಹೆಚ್ಚಿನವರು ಹೇಳಿದಂತೆ. 16 ರಾಜ್ಯ, ಗೆಲ್ಲೋಕೆ 9 ಬೇಕು. ಫೆಬ್ರವರಿ 11ರಿಂದ 17ರವರೆಗೆ ಓಟು ಹಾಕಿದ್ದೇ ಹಾಕಿದ್ದು, 35 ಸುತ್ತಿನಲ್ಲೂ ಜೆಫರ್ಸನ್ ಎಂಟಕ್ಕೇ ನಿಂತರು. ಹೊರಗೆ ವರ್ಜೀನಿಯಾ, ಪೆನ್ಸಿಲ್ವೇನಿಯಾಗಳಲ್ಲಿ ಜನರನ್ನು ಸೇರಿಸಿ ಬಂದೂಕು ಹಿಡಿಯುವ ಮಾತು ನಡೆದಿತ್ತು.

ನನಗೆ ಪದೇ ಪದೇ ನೆನಪಾಗುವುದು ಮೇರಿಲ್ಯಾಂಡಿನ ಸದಸ್ಯ, ಜೆಫರ್ಸನ್ ಕಡೆಯ ಜೋಸೆಫ್ ನಿಕಲ್ಸನ್. ಮೈ ಸುಡುವ ಜ್ವರ. ಆದರೂ ಹಿಮದಲ್ಲೇ ಹೊತ್ತು ತಂದು ಪಕ್ಕದ ಕೋಣೆಯಲ್ಲಿ ಮಲಗಿಸಿದರು, ಹೆಂಡತಿ ಪಕ್ಕದಲ್ಲೇ ಕೂತರು, ಓಟಿನ ಪೆಟ್ಟಿಗೆ ಅವರ ಹಾಸಿಗೆ ಹತ್ತಿರ ಬಂತು. ಅವರೊಬ್ಬರು ಬರದಿದ್ದರೆ 4-4 ಇದ್ದ ಮೇರಿಲ್ಯಾಂಡ್ ಬರ್ ಕಡೆಗೆ ಹೋಗುತ್ತಿತ್ತು. ಸಿಟ್ಟೆಲ್ಲ ಆ ಪೆಟ್ಟಿಗೆಗೇ ಬಿತ್ತು, ಬೀದಿಗೆ ಬರಲಿಲ್ಲ. ನಾನು ಶಾಂತಿ ಅಂದದ್ದು ಇದಕ್ಕೆ.

36ನೇ ಸುತ್ತಿನಲ್ಲಿ, ಅಲ್ಲಿಯವರೆಗೆ ಬರ್ ಕಡೆ ಇದ್ದ ಕೆಲವು ಫೆಡರಲಿಸ್ಟರು, ಅಂದರೆ ಆಡಮ್ಸ್ ಪಕ್ಷದವರು, ಖಾಲಿ ಚೀಟಿ ಹಾಕಿದರು, ವರ್ಮಾಂಟಿನ ಫೆಡರಲಿಸ್ಟ್ ಸದಸ್ಯರು ಹೊರಗುಳಿದರು. ಆಗ ವರ್ಮಾಂಟಿನ ಓಟು ಮ್ಯಾಥ್ಯೂ ಲಯನ್ ಒಬ್ಬರ ಕೈಗೇ ಬಂತು. ಆಡಮ್ಸ್‌ರನ್ನು ಟೀಕಿಸಿ ಪತ್ರಿಕೆಗೆ ಕಾಗದ ಬರೆದದ್ದಕ್ಕೆ, 1798ರ ದೇಶದ್ರೋಹ ಕಾನೂನಿನಲ್ಲಿ ನಾಲ್ಕು ತಿಂಗಳು ಜೈಲಿನಲ್ಲಿದ್ದು ಅಲ್ಲಿಂದಲೇ ಚುನಾವಣೆ ಗೆದ್ದವರು ಇವರು. ಪತ್ರಿಕೆ ನಡೆಸುವ ನನಗೆ ಈ ಜಾಗ ಓದುವಾಗ ಪ್ರತಿ ಸಲ ಗಂಟಲು ಕಟ್ಟುತ್ತದೆ. ಜೆಫರ್ಸನ್‌ಗೆ 10 ರಾಜ್ಯ ಸಿಕ್ಕವು. ಆ ಎರಡು ಓಟಿನ ಗೊಂದಲವನ್ನು 1804ರಲ್ಲಿ ಸಂವಿಧಾನ ತಿದ್ದಿ ಸರಿಮಾಡಿದರು.

ನಮ್ಮ ಲೇಖನದ ನಿಜವಾದ ತಪ್ಪು ಬೇರೆ ಇದೆ, ಅದನ್ನು ನೀವು ಕೇಳಲಿಲ್ಲ. ಗುಲಾಮರಾಗಿದ್ದವರಿಗೆ ಓಟಿರಲಿಲ್ಲ, ಆದರೆ ಅವರ ತಲೆಗಳನ್ನು ಐದಕ್ಕೆ ಮೂರರಂತೆ ಎಣಿಸಿ ದಕ್ಷಿಣದ ರಾಜ್ಯಗಳಿಗೆ ಜಾಸ್ತಿ ಎಲೆಕ್ಟರ್‌ಗಳನ್ನು ಕೊಟ್ಟಿದ್ದರು. ಜೆಫರ್ಸನ್‌ರ 73ರಲ್ಲಿ ಆ ಲೆಕ್ಕದಿಂದ ಬಂದ ಓಟುಗಳೂ ಸೇರಿವೆ. ಇದರ ಬಗ್ಗೆ ನಾವು ಒಂದು ಸಾಲೂ ಬರೆದಿರಲಿಲ್ಲ. ಬರೆಯಬೇಕಿತ್ತು.