ಚೂರಾದ ನಕ್ಷತ್ರ ಮತ್ತೆ ಸಿಡಿದೀತೆ?

ಪ್ರಿಯರೆ,

ಉತ್ತರ ಕಿರೀಟ ನಕ್ಷತ್ರಪುಂಜದ ಜೋಡಿನಕ್ಷತ್ರ ಟಿ ಕರೋನೆ ಬೊರಿಯಾಲಿಸ್ ಕುರಿತ ‘ಉತ್ತರ ಕಿರೀಟದ ರಾಕ್ಷಸ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ, ವಿಷಯದ ಆಯ್ಕೆಯೂ ಒಳ್ಳೆಯದು. ಆದರೆ ಎರಡನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

‘1866ರಲ್ಲಿ ಟಿ ಕರೋನೆ ಬೊರಿಯಾಲಿಸ್‌ನ ಶ್ವೇತಕುಬ್ಜವು ಸಂಗಾತಿಯ ರಕ್ತ ಹೀರಿ, ಕೊಬ್ಬಿ, ಸಿಡಿದು ಚೂರುಚೂರಾಯಿತು’ ಎಂದಿದ್ದೀರಿ. ನಾಲ್ಕೇ ಸಾಲಿನ ಕೆಳಗೆ ಅದೇ ಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರದ ದಟ್ಟ ತಿರುಳು) 1946ರಲ್ಲಿ ಮತ್ತೆ ಸಿಡಿಯುತ್ತದೆ. ಚೂರಾದದ್ದು ಎದ್ದು ಬಂದದ್ದು ಹೇಗೆಂದು ಓದುಗ ಕೇಳನೇ?

‘ರಕ್ತ’ ಎಂದದ್ದು ಸಂಗಾತಿಯಾದ ಕೆಂಪು ದೈತ್ಯನಿಂದ, ಅಂದರೆ ಉಬ್ಬಿದ ಮುದಿ ನಕ್ಷತ್ರದಿಂದ, ಹರಿದುಬರುವ ಹೈಡ್ರೋಜನ್, ಹಾಗೆಂದೇ ಬರೆಯಬಹುದಿತ್ತು. ‘ಕೊಬ್ಬಿ’ ಎಂಬುದಂತೂ ತಲೆಕೆಳಗಾದ ಮಾತು, ಏಕೆಂದರೆ ಶ್ವೇತಕುಬ್ಜದ ರಾಶಿ ಹೆಚ್ಚಿದಷ್ಟೂ ಅದರ ಗಾತ್ರ ಕುಗ್ಗುತ್ತದೆ. ‘ಚೂರುಚೂರು’ ನಕ್ಷತ್ರವೇ ಸಿಡಿಯುವ ಸೂಪರ್‌ನೋವಾಕ್ಕೆ ಸಲ್ಲುವ ಪದ. ಇಲ್ಲಿ ನಡೆದದ್ದು ನೋವಾ; ಅದರಲ್ಲಿ ಕುಬ್ಜದ ಮೇಲೆ ಶೇಖರವಾದ ಪದರದ ಬುಡ ಕೋಟಿ ಡಿಗ್ರಿಯನ್ನು ದಾಟಿ ಕಾದು, ಅಲ್ಲಿ ಬೈಜಿಕ ಸಮ್ಮಿಲನ ಹತೋಟಿ ಮೀರಿ, ಆ ಪದರವಷ್ಟೇ ಹೊರಕ್ಕೆ ಚಿಮ್ಮುತ್ತದೆ. ಹತ್ತನೆಯ ಕಾಂತಿದರ್ಜೆಯ (ಅಂಕಿ ಕಿರಿದಾದಷ್ಟೂ ಬೆಳಕು ಹೆಚ್ಚು) ಆಸುಪಾಸಿನಲ್ಲಿದ್ದು ಬರಿಗಣ್ಣಿಗೆ ಕಾಣದ ಈ ಜೋಡಿ, ಆಗ ಎರಡನೆಯ ದರ್ಜೆಗೇರಿ ಸಾವಿರ ಪಟ್ಟಿಗೂ ಹೆಚ್ಚು ಬೆಳಗುತ್ತದೆ. ಹೋಲಿಕೆ ಬೇಕೇಬೇಕೆಂದರೆ ಒಲೆಯ ಮೇಲಿನ ಹಾಲನ್ನು ನೋಡಿ: ಉಕ್ಕಿದ್ದು ಹಾಲು, ಪಾತ್ರೆ ಒಡೆದಿಲ್ಲ, ನಾಳೆ ಮತ್ತೆ ಹಾಲು ಸುರಿಯಬಹುದು.

ಇನ್ನೊಂದು ಸಾಲು: ‘ಇದು ಜೋಡಿಯೆಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ.’ ಹೇಗೆ? ನಾನು ಬರವಣಿಗೆ ಕಲಿಯುತ್ತಿದ್ದಾಗ, ನಕ್ಷತ್ರವೊಂದರ ದೂರವನ್ನು ಹೀಗೆಯೇ ಒಂದು ವಾಕ್ಯದಲ್ಲಿ ಮುಗಿಸಿದ್ದೆ. ನನ್ನನ್ನು ತಿದ್ದುತ್ತಿದ್ದ ಹಿರಿಯರು ಏನೂ ಹೇಳದೆ ಒಂದು ಅಡಿಪಟ್ಟಿ ಕೊಟ್ಟು, ಕಿಟಕಿಯಾಚೆಯ ತೆಂಗಿನಮರ ಎಷ್ಟು ದೂರದಲ್ಲಿದೆಯೆಂದು ಕೋಣೆ ಬಿಡದೆ ಅಳೆಯಲು ಹೇಳಿದರು. ಕಿಟಕಿಯ ಈ ತುದಿಯಿಂದ ಒಮ್ಮೆ, ಆ ತುದಿಯಿಂದ ಒಮ್ಮೆ ನೋಡಿ, ಮರ ಹಿಂದಿನ ಗೋಡೆಯ ಮುಂದೆ ಎಷ್ಟು ಜರುಗಿತೆಂದು ಲೆಕ್ಕ ಹಾಕುವಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪಿತ್ತು. (ಉತ್ತರವೂ ತಪ್ಪಾಗಿತ್ತು.) ಆದರೆ ಆ ವಾಕ್ಯ ಒಂದು ಪುಟವಾಗಿ ಬೆಳೆಯಿತು.

ನಿಮ್ಮ ಕೈಯಲ್ಲಿರುವ ಸಂಗತಿ ಅದಕ್ಕಿಂತ ಸೊಗಸಾದದ್ದು. ದೂರದರ್ಶಕದಲ್ಲಿ ಒಂದೇ ಚುಕ್ಕೆಯಾಗಿ ಕಾಣುವ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ, ಆ ಬಣ್ಣಗಳ ನಡುವೆ ಕಾಣುವ ಕೆಂಪು ದೈತ್ಯನ ಗೆರೆಗಳು, ಅಂದರೆ ರೋಹಿತರೇಖೆಗಳು, ಸುಮಾರು 227 ದಿನಗಳಿಗೊಮ್ಮೆ ಅದು ನಮ್ಮತ್ತ ಬರುವಾಗ ನೀಲಿಯತ್ತ ಸರಿದು, ದೂರ ಹೋಗುವಾಗ ಕೆಂಪಿನತ್ತ ಸರಿದು, ಮೊದಲಿನ ಜಾಗಕ್ಕೆ ಮರಳುತ್ತವೆ. ಅದು ಯಾವುದನ್ನೋ ಸುತ್ತುತ್ತಿದೆಯೆಂಬುದಕ್ಕೆ ಸಾಕ್ಷಿ ಆ ಓಲಾಟವೇ. ಇಷ್ಟನ್ನು ನಿಮ್ಮ ಮಾತಿನಲ್ಲಿ ಬರೆದು ಕಳಿಸಿ, ಪ್ರಕಟಿಸುತ್ತೇನೆ. ಶೀರ್ಷಿಕೆಯ ರಾಕ್ಷಸನನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.

— ಸಂಪಾದಕ