ಈವ್ ಆನ್‌ಲೈನ್ ಅನ್ನೋ ಬಾಹ್ಯಾಕಾಶದ ಗೇಮ್‌ನಲ್ಲಿ ಒಂದು ಗ್ರಹದಿಂದ ವಾರಕ್ಕೆ ಎಷ್ಟು ಮಾಲು ಬರುತ್ತೆ ಅಂತ ಮೊದ್ಲೇ ಲೆಕ್ಕ ಹಾಕೋದು ಹೇಗೆ?

ನೀವು ಬರೆದಿರೋದು ಇಷ್ಟು: ಒಂದು ಬ್ಯಾರನ್ (ಬಂಜರು) ಗ್ರಹ, ಒಂದು ಎಕ್ಸ್‌ಟ್ರಾಕ್ಟರ್ (ನೆಲದಿಂದ ಕಚ್ಚಾ ಮಾಲು ತೆಗೆಯೋ ಯಂತ್ರ), ಅದಕ್ಕೆ ಹತ್ತು ಹೆಡ್ (ಕೊರೆಯೋ ತಲೆಗಳು), ಬೇಸ್ ಮೆಟಲ್ಸ್ ಅನ್ನೋ ಕಚ್ಚಾ ಮಾಲು ತೆಗೀತಿದೀರಿ. ಒಂದು ದಿನದ ಪ್ರೋಗ್ರಾಂ (ಯಂತ್ರ ಒಂದೇ ಸಮನೆ ಓಡೋ ಅವಧಿ) ಇಟ್ಟಾಗ, ಅದನ್ನ ಸೆಟ್ ಮಾಡೋ ಸರ್ವೇ ವಿಂಡೋದಲ್ಲಿ ಗಂಟೆಗೆ 12 ಸಾವಿರ ಅಂತ ತೋರಿಸ್ತು, ಅದನ್ನ 168ರಿಂದ ಗುಣಿಸಿ 20 ಲಕ್ಷ ಗ್ಯಾರಂಟಿ ಅಂದ್ಕೊಂಡು ಏಳು ದಿನಕ್ಕೆ ಹಾಕಿ ಊರಿಗೆ ಹೋದ್ರಿ, ವಾಪಸ್ ಬಂದು ನೋಡಿದ್ರೆ ಅರ್ಧ ಕೂಡ ಇಲ್ಲ, ಇದು ಬಗ್ಗಾ ಅಂತ ಕೇಳಿದೀರಿ.

ಬಗ್ ಅಲ್ಲ. ಸ್ಲೈಡರ್‌ನ ಏಳು ದಿನಕ್ಕೆ ಎಳೆದಾಗ್ಲೇ ಅದೇ ವಿಂಡೋದಲ್ಲಿ ಆ ಗಂಟೆಯ ನಂಬರ್ ಧಡಕ್ಕನೆ ಬಿದ್ದಿರುತ್ತೆ, ನೀವು ಬಸ್ಸಿಗೆ ಲೇಟಾಯ್ತು ಅಂತ ನೋಡದೇ ಸಬ್ಮಿಟ್ ಒತ್ತಿರ್ತೀರಿ. ನಾನೂ ಮೊದಲ ವರ್ಷ ಪೂರ್ತಿ ಹಾಗೇ ಮಾಡಿದೋನು, ಹಾಗಾಗಿ ಬೈತಿಲ್ಲ.

ವಿಷಯ ಏನಂದ್ರೆ ಎಕ್ಸ್‌ಟ್ರಾಕ್ಟರ್ ಅನ್ನೋದು ನಮ್ಮ ಕಡೆ ಬೋರ್‌ವೆಲ್ ಇದ್ದ ಹಾಗೆ, ಹಾಕಿಸಿದ ದಿನ ಮೂರಿಂಚು ನೀರು ಚಿಮ್ಮುತ್ತೆ, ಊರೋರೆಲ್ಲ ಬಂದು ನೋಡ್ಕೊಂಡು ಹೋಗ್ತಾರೆ, ಮುಂದಿನ ಬೇಸಿಗೆಗೆ ಏನಾಗುತ್ತೆ ಅಂತ ಗೊತ್ತಲ್ಲ. ಗೇಮ್‌ನಲ್ಲಿ ಈ ಇಳಿಕೆಗೆ ಒಂದು ಫಾರ್ಮುಲಾ ಇದೆ, ಗುಟ್ಟೇನಲ್ಲ. ಎಲ್ಲಾನೂ ಕಾಲು ಗಂಟೆ ಲೆಕ್ಕದಲ್ಲಿ ನೋಡಿ. ಪ್ರೋಗ್ರಾಂ ಶುರುವಾಗಿ ಎಷ್ಟು ಕಾಲು ಗಂಟೆ ಕಳೆದಿದೆ ಅನ್ನೋದನ್ನ 0.012ರಿಂದ ಗುಣಿಸಿ, ಅದಕ್ಕೆ 1 ಕೂಡಿಸಿ, ಬಂದಿದ್ದರಿಂದ ಶುರುವಿನ ಇಳುವರಿಯನ್ನ ಭಾಗಿಸಿ, ಆ ಹೊತ್ತಿಗೆ ಬರೋದು ಅಷ್ಟೇ. ಒಂದು ದಿನ ಅಂದ್ರೆ 96 ಕಾಲು ಗಂಟೆ, ಅಂದ್ರೆ ಭಾಜಕ 2.15, ಅಂದ್ರೆ 24 ಗಂಟೆ ಕಳೆಯೋ ಹೊತ್ತಿಗೆ ಶುರುವಿನ 46% ಅಷ್ಟೇ ಉಳಿದಿರುತ್ತೆ. ಏಳನೇ ದಿನದ ಕೊನೆಗೆ 11%.

ನಮಗೆ ಬೇಕಿರೋದು ಕೊನೆಯ ನಂಬರ್ ಅಲ್ಲ, ಸರಾಸರಿ. ಅದನ್ನೂ ಲೆಕ್ಕ ಹಾಕಿಟ್ಕೊಂಡಿದೀನಿ: ಒಂದು ದಿನಕ್ಕೆ ಶುರುವಿನ 66%, ಎರಡು ದಿನಕ್ಕೆ 52%, ಮೂರಕ್ಕೆ 43%, ನಾಲ್ಕಕ್ಕೆ 37%, ಏಳಕ್ಕೆ 27%, ಮ್ಯಾಕ್ಸಿಮಮ್ ಆದ 14 ದಿನಕ್ಕೆ 18%ಗೆ ಸ್ವಲ್ಪ ಕಮ್ಮಿ. ಇಷ್ಟನ್ನ ಒಂದು ಚೀಟಿಲಿ ಬರೆದು ಮಾನಿಟರ್ ಕೆಳಗೆ ಅಂಟಿಸ್ಕೊಂಡ್ರೆ ಅರ್ಧ ಕೆಲಸ ಆಯ್ತು.

ಇನ್ನರ್ಧ ಅಂದ್ರೆ ಸರ್ವೇ ವಿಂಡೋದ ಇಳುವರಿ ಗ್ರಾಫ್‌ನಲ್ಲಿ ಬಾರ್‌ಗಳು ಸೀದಾ ಇಳಿಯದೇ ಎದ್ದು ಬಿದ್ದು ಕುಣಿಯುತ್ವಲ್ಲ, ಅದು. ಅದು ರ್‍ಯಾಂಡಮ್ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅಲ್ಲ. ಮೂರು ಕೊಸೈನ್ ಅಲೆಗಳು, ಒಂದಕ್ಕೆ ಸುಮಾರು 19 ಗಂಟೆಯ ಸುತ್ತು, ಇನ್ನೊಂದಕ್ಕೆ ಸುಮಾರು 8 ಗಂಟೆ, ಮೂರನೇದಕ್ಕೆ 3 ಗಂಟೆ ಚಿಲ್ಲರೆ. ಮೂರರ ಸರಾಸರಿ ತಗೊಂಡು, ಅದು ಮೈನಸ್ ಆದ್ರೆ ಸೊನ್ನೆ ಅಂತ ಇಟ್ಕೊಂಡು, 0.8ರಿಂದ ಗುಣಿಸಿ ಮೇಲೆ ಸೇರಿಸ್ತಾರೆ. ಹಾಗಾಗಿ ಈ ಕುಣಿತದಿಂದ ಲಾಸ್ ಅಂತೂ ಇಲ್ಲ, ಒಂದೊಂದು ಬಾರ್‌ಗೆ 80% ತನಕ ಎಕ್ಸ್‌ಟ್ರಾ ಸಿಗಬಹುದು, ಒಟ್ಟಾರೆ ನೋಡಿದ್ರೆ ಸರಾಸರಿ 13% ಆಸುಪಾಸು. ಇದ್ರಲ್ಲಿ ಮಜಾ ಏನು ಅಂದ್ರೆ ಎರಡು ಅಲೆ ಎಲ್ಲಿಂದ ಶುರುವಾಗ್ಬೇಕು ಅನ್ನೋದು ಶುರುವಿನ ಇಳುವರಿಯ ಮೇಲೇ ನಿಂತಿದೆ, ಅದಕ್ಕೇ ಒಂದು ಹೆಡ್‌ನ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದ್ರೂ ಇಡೀ ಗ್ರಾಫ್ ವೇಷ ಬದಲಾಯಿಸುತ್ತೆ. ಕೆಲವೊಮ್ಮೆ ಹೆಡ್‌ನ ಸ್ವಲ್ಪ ಕೆಟ್ಟ ಜಾಗಕ್ಕೆ ಎಳೆದ್ರೆ ಒಟ್ಟು ಜಾಸ್ತಿ ಆಗಿದ್ದೂ ಇದೆ, ನಾನು ಅರ್ಧ ರಾತ್ರಿಲಿ ಇದೇ ಆಟ ಆಡ್ಕೊಂಡು ಕೂತಿರ್ತೀನಿ, ಮನೇಲಿ ನಗ್ತಾರೆ.

ಈಗ ನಿಮ್ಮ ಗ್ರಹಕ್ಕೆ ಬರೋಣ. ಒಂದು ದಿನಕ್ಕೆ ಗಂಟೆಗೆ 12 ಸಾವಿರ ತೋರಿಸ್ತು ಅಂದ್ರೆ ಹಿಂದಕ್ಕೆ ಲೆಕ್ಕ ಹಾಕಿದ್ರೆ ಶುರುವಿನ ಇಳುವರಿ ಗಂಟೆಗೆ 16 ಸಾವಿರ, ಅಂದ್ರೆ ಕಾಲು ಗಂಟೆಗೆ 4 ಸಾವಿರ ಇರ್ಬೇಕು. 16 ಸಾವಿರದ 66% ಅಂದ್ರೆ 10,600 ಚಿಲ್ಲರೆ, ಅದರ ಮೇಲೆ 13%, 12 ಸಾವಿರ, ತಾಳೆ ಆಯ್ತು. ಅದೇ 16 ಸಾವಿರಕ್ಕೆ ಏಳು ದಿನದ 27% ಹಾಕಿ, 13% ಸೇರಿಸಿ, ಗಂಟೆಗೆ 5 ಸಾವಿರದ ಒಳಗೇ ನಿಲ್ಲುತ್ತೆ. ವಾರಕ್ಕೆ 8 ಲಕ್ಷದ 30 ಸಾವಿರ. ನಿಮ್ಮ 20 ಲಕ್ಷ ಎಲ್ಲಿ, ಇದೆಲ್ಲಿ. ಪ್ರೋಗ್ರಾಂ ಉದ್ದ ಆದಷ್ಟೂ ಹೆಡ್‌ನ ವೃತ್ತ ದೊಡ್ಡದಾಗುತ್ತೆ, ಅದ್ರಿಂದ ಶುರುವಿನ ನಂಬರ್ ಕೊಂಚ ಮೇಲೆ ಹೋಗ್ಬಹುದು, ಆದ್ರೆ ವೃತ್ತಗಳು ಒಂದರ ಮೇಲೊಂದು ಹತ್ಕೊಂಡ್ರೆ ಅದಕ್ಕೆ ದಂಡನೂ ಬೀಳುತ್ತೆ, ಹಾಗಾಗಿ ಆ ಲಾಭ ನಂಬ್ಕೊಂಡು ಕೂರ್ಬೇಡಿ.

ಇನ್ನೊಂದು, ನಾನು ಕಚ್ಚಾ ಮಾಲಿನ ಲೆಕ್ಕಕ್ಕಿಂತ ಫ್ಯಾಕ್ಟರಿ ಕಡೆಯಿಂದ ಲೆಕ್ಕ ಹಾಕೋದೇ ಜಾಸ್ತಿ. ಬೇಸಿಕ್ ಫ್ಯಾಕ್ಟರಿ ಒಂದಕ್ಕೆ ಅರ್ಧ ಗಂಟೆಗೆ 3000 ಕಚ್ಚಾ ಮಾಲು ಬೇಕು, 20 ರಿಯಾಕ್ಟಿವ್ ಮೆಟಲ್ಸ್ ಅನ್ನೋ ಸಿದ್ಧ ಮಾಲು ಕೊಡುತ್ತೆ. ಗಂಟೆಗೆ 6000 ನುಂಗಿ 40 ಉಗುಳುತ್ತೆ ಅಂತ ನೆನಪಿಟ್ಕೊಳ್ಳಿ ಸಾಕು, 150ಕ್ಕೆ 1. ದಿನಾ ರೀಸ್ಟಾರ್ಟ್ ಮಾಡಿದ್ರೆ ನಿಮ್ಮದು ಗಂಟೆಗೆ 12 ಸಾವಿರ, ಎರಡು ಫ್ಯಾಕ್ಟರಿಗೆ ಕರೆಕ್ಟಾಗಿ ಸಾಲುತ್ತೆ, ದಿನಕ್ಕೆ 1920 ಬರುತ್ತೆ. ಏಳು ದಿನಕ್ಕೆ ಹಾಕಿದ್ರೆ ಒಂದು ಫ್ಯಾಕ್ಟರಿಯ ಹೊಟ್ಟೆನೂ ತುಂಬಲ್ಲ, ವಾರಕ್ಕೆ 5500 ಚಿಲ್ಲರೆ ಸಿಗುತ್ತೆ, ದಿನಾ ಒತ್ತಿದ್ರೆ ಅದೇ ವಾರಕ್ಕೆ 13,440 ಆಗ್ತಿತ್ತು.

ಇಲ್ಲಿ ನಾನು ಕೈ ಸುಟ್ಕೊಂಡಿದ್ದು ಹೇಳ್ತೀನಿ. ಸರಾಸರಿ 12 ಸಾವಿರ ಅಂದ್ರೆ ಪ್ರತಿ ಗಂಟೆಗೂ 12 ಸಾವಿರ ಅಂತಲ್ಲ, ಮೊದಲ ಕೆಲವು ಗಂಟೆ 16ರ ಮೇಲೆ ಸುರಿಯುತ್ತೆ, ಬೆಳಗಿನ ಜಾವಕ್ಕೆ 8ಕ್ಕಿಂತ ಕೆಳಗೆ ಬಂದಿರುತ್ತೆ. ನಾನು ಪವರ್ ಉಳಿಸೋಣ ಅಂತ ಸ್ಟೋರೇಜ್ ಇಡದೇ ಎಕ್ಸ್‌ಟ್ರಾಕ್ಟರ್‌ನಿಂದ ಸೀದಾ ಎರಡು ಫ್ಯಾಕ್ಟರಿಗೆ ರೂಟ್ ಹಾಕಿದ್ದೆ. ಸಂಜೆ ಹೊತ್ತು ಸುರಿದಿದ್ದರಲ್ಲಿ ಫ್ಯಾಕ್ಟರಿ ಹಿಡಿಸದಿದ್ದದ್ದೆಲ್ಲ ಮಾಯ, ಎಲ್ಲೂ ಸ್ಟಾಕ್ ಆಗಲ್ಲ, ಮೆಸೇಜೂ ಬರಲ್ಲ, ಮತ್ತೆ ಬೆಳಗ್ಗೆ ಅದೇ ಫ್ಯಾಕ್ಟರಿ ಮಾಲಿಲ್ಲ ಅಂತ ಖಾಲಿ ಕೂತಿರುತ್ತೆ. ಸುಮಾರು ತಿಂಗಳು ಹೀಗೇ ಹೋಯ್ತು, ನಾನು ಗ್ರಹನೇ ಬರಡು ಅಂತ ಬೈಕೊಂಡು ಓಡಾಡಿದೆ. ಹಾಗಾಗಿ ಮೊದಲು ಲಾಂಚ್‌ಪ್ಯಾಡ್‌ಗೋ (ಮಾಲನ್ನ ಗ್ರಹದಿಂದ ಮೇಲೆ ಕಳಿಸೋ ಜಾಗ, ಸ್ಟಾಕೂ ಇಡಬಹುದು) ಸ್ಟೋರೇಜ್‌ಗೋ ಇಳಿಸಿ, ಅಲ್ಲಿಂದ ಫ್ಯಾಕ್ಟರಿಗೆ ಹಂಚಿ.

ಪಕ್ಕದಲ್ಲೇ ನೋಬಲ್ ಮೆಟಲ್ಸ್‌ಗೂ ಇನ್ನೊಂದು ಎಕ್ಸ್‌ಟ್ರಾಕ್ಟರ್ ಹಾಕಿ ಎರಡೂ ಲೋಹ ಬೇಕಾಗೋ ಮೆಕ್ಯಾನಿಕಲ್ ಪಾರ್ಟ್ಸ್ ಮಾಡ್ಬಹುದಾ ಅಂತಲೂ ಕೇಳಿದೀರಿ. ಮಾಡ್ಬಹುದು, ಬ್ಯಾರನ್‌ನಲ್ಲಿ ಎರಡೂ ಸಿಗುತ್ತೆ, ಆದ್ರೆ ಹತ್ತತ್ತು ಹೆಡ್ ಕನಸು ಬಿಡಿ. ಎಕ್ಸ್‌ಟ್ರಾಕ್ಟರ್‌ಗೆ 2600 ಮೆಗಾವ್ಯಾಟ್, ಹೆಡ್ ಒಂದಕ್ಕೆ 550, ಅಂದ್ರೆ ಹತ್ತು ಹೆಡ್ ಸೇರಿ 8100. ಎರಡಕ್ಕೆ 16,200. ಗ್ರಹಕ್ಕೆಲ್ಲ ಪವರ್ ಕೊಡೋ ಕಮಾಂಡ್ ಸೆಂಟರ್ ಲೆವೆಲ್ 5 ಆದ್ರೂ ಕೊಡೋದೇ 19,000. ಉಳಿದ 2800ರಲ್ಲಿ ಲಾಂಚ್‌ಪ್ಯಾಡ್‌ಗೆ 700, ಎರಡು ಬೇಸಿಕ್‌ಗೆ 1600 ಕೊಟ್ಟ ಮೇಲೆ 500 ಉಳಿಯುತ್ತೆ, ಪಾರ್ಟ್ಸ್ ಮಾಡೋ ಅಡ್ವಾನ್ಸ್ಡ್ ಫ್ಯಾಕ್ಟರಿಗೆ 700 ಬೇಕು, ಇವನ್ನೆಲ್ಲ ಜೋಡಿಸೋ ಲಿಂಕ್‌ಗಳ ಖರ್ಚು ಇನ್ನೂ ಸೇರಿಸೇ ಇಲ್ಲ. ಎಂಟೆಂಟು ಹೆಡ್‌ಗೆ ಇಳಿಸಿ, ಆರಾಮಾಗಿ ಕೂರುತ್ತೆ. ಎರಡು ಬೇಸಿಕ್ ಸೇರಿ ಒಂದು ಅಡ್ವಾನ್ಸ್ಡ್‌ಗೆ ಬೇಕಾದ 40 ಪ್ಲಸ್ 40ನ್ನ ಸರಿಯಾಗಿ ಕೊಡ್ತವೆ, ಗಂಟೆಗೆ 5 ಪಾರ್ಟ್ಸ್, ದಿನಕ್ಕೆ 120. ಹೈಸೆಕ್‌ನಲ್ಲಿದ್ರೆ (ಗೇಮ್‌ನ ಪೊಲೀಸ್ ಕಾವಲಿರೋ ವಲಯ) ಗ್ರಹದಿಂದ ಮಾಲು ಹೊರಗೆ ತರೋಕೆ ಹಾಕೋ ಕಸ್ಟಮ್ಸ್ ಟ್ಯಾಕ್ಸ್‌ನೂ ಲೆಕ್ಕದಲ್ಲಿ ಇಟ್ಕೊಳ್ಳಿ: ಒಂದು ಪಾರ್ಟ್‌ಗೆ 7200 ಇಸ್ಕ್ (ಗೇಮ್‌ನ ಹಣ) ಬೆಲೆ ಅಂತ ಹಿಡಿದು ಅದರ ಮೇಲೆ ಪರ್ಸೆಂಟ್ ಹಾಕ್ತಾರೆ, 10% ಆದ್ರೆ 120ಕ್ಕೆ 86,400. ಕಸ್ಟಮ್ಸ್ ಆಫೀಸ್ ಇಟ್ಕೊಂಡಿರೋ ಪ್ಲೇಯರ್ ತನ್ನ ಪಾಲು ಬೇರೆ ಸೇರಿಸಿರ್ತಾನೆ.

ಪ್ಲಾನೆಟಾಲಜಿ ಸ್ಕಿಲ್ ಕಲಿತ್ರೆ ಇಳುವರಿ ಜಾಸ್ತಿ ಆಗುತ್ತಾ ಅಂದ್ರೆ, ಇಲ್ಲ, ಮಾಲು ಎಲ್ಲಿ ಜಾಸ್ತಿ ಅಂತ ತೋರಿಸೋ ಸ್ಕ್ಯಾನ್ ಬಣ್ಣ ಸ್ವಲ್ಪ ಸ್ಪಷ್ಟ ಕಾಣುತ್ತೆ ಅಷ್ಟೇ.

ಮತ್ತೆ ದಿನಾ ಒತ್ತಿದ್ರೆ ಯಾವಾಗ್ಲೂ 12 ಸಾವಿರ ಸಿಗುತ್ತೆ ಅಂತನೂ ಅಂದ್ಕೋಬೇಡಿ, ಒಂದೇ ಜಾಗದಲ್ಲಿ ಕೊರೀತಾ ಇದ್ರೆ ಹೆಡ್ ಕೆಳಗಿನ ಬಿಳಿ ಬಣ್ಣ ನಿಧಾನಕ್ಕೆ ಮಂಕಾಗುತ್ತೆ, ಬಿಟ್ರೆ ಮತ್ತೆ ತುಂಬ್ಕೊಳುತ್ತೆ, ಅದೇ ಗ್ರಹದಲ್ಲಿ ಬೇರೆಯವ್ರು ಕೊರೀತಿದ್ರೂ ನಿಮಗೆ ಕಮ್ಮಿ ಆಗುತ್ತೆ. ಮೂರ್ನಾಲ್ಕು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿ ಹೆಡ್ ಜರುಗಿಸ್ಬೇಕು. ನಂದು ಆರು ಗ್ರಹ, ಆಫೀಸ್ ಇರೋ ದಿನ ಎಲ್ಲಾನೂ ಎರಡು ದಿನಕ್ಕೆ ಹಾಕ್ತೀನಿ, ಊರಿಗೆ ಹೋಗೋದಿದ್ರೆ ನಾಲ್ಕಕ್ಕೆ. ದಿನಾ ಸಂಜೆ ನಾಲ್ಕೂವರೆಗೆ ಸರ್ವರ್ ಡೌನ್‌ಟೈಮ್ (ಗೇಮ್ ಸ್ವಲ್ಪ ಹೊತ್ತು ಬಂದ್) ಇರುತ್ತಲ್ಲ, ಅದು ಮುಗಿದ ಮೇಲೆ ಕಾಫಿ ಕುಡೀತಾ ಒತ್ತಿಬಿಟ್ರೆ ಹತ್ತು ನಿಮಿಷದ ಕೆಲಸ. ನೀವು ಮುಂದಿನ ಸಲ ಸ್ಲೈಡರ್ ಎಳೆದಾಗ ಒಂದು ದಿನದ್ದೂ ಎರಡು ದಿನದ್ದೂ ಒಟ್ಟು ಎಷ್ಟು ತೋರಿಸ್ತು ಅಂತ ಕೆಳಗೆ ಹಾಕಿ, ಎಷ್ಟು ಫ್ಯಾಕ್ಟರಿ ಬೇಕು ಅಂತ ಹೇಳ್ತೀನಿ.