ಅದಿರಿನ ಧೂಳಿಗೆ ಯಾವ ಅನುದಾನ?

ಪ್ರಶ್ನೆ: ಅದಿರು ಲಾರಿಗಳಿಂದ ನಮ್ಮೂರಲ್ಲಿ ಮನೆಮಠವೆಲ್ಲ ಕೆಂಧೂಳು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಹಣ ನಮಗೆ ಸಿಗುತ್ತದೆಯೇ?
– ಓದುಗರು, ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ

ಉತ್ತರ: ಸಿಗುವುದಿಲ್ಲ. 2019ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ ಇವೆ. ನೀವು ಕೇಳಬೇಕಾದದ್ದು ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ. ಅದು ಬಜೆಟ್ಟಿನದಲ್ಲ, ಗಣಿ ಗುತ್ತಿಗೆದಾರರು ರಾಜಧನದ (ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕೊಡುವ ಹಣ) ಜೊತೆಗೆ ಕಟ್ಟುವುದು. ಹಳೇ ಗುತ್ತಿಗೆಗೆ ರಾಜಧನದ ಶೇ 30, ಹರಾಜಾದ ಗಣಿಗೆ ಶೇ 10. ಗಣಿಬಾಧಿತ ಹಳ್ಳಿಗಳಿಗೆಂದೇ ಇರುವ ದುಡ್ಡು, ಸಂಕೋಚವಿಲ್ಲದೆ ಕೇಳಿ.

ಮೊದಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಬರೀ ‘ರಸ್ತೆ ಬೇಕು’ ಎಂದು ಬರೆದರೆ ಅರ್ಜಿ ಮೂಲಸೌಕರ್ಯದ ಚಿಕ್ಕ ಪಾಲಿಗೆ ಹೋಗಿ ಹಿಂದೆ ಬೀಳುತ್ತದೆ. ‘ಮಾಲಿನ್ಯ ನಿಯಂತ್ರಣ’ ಎಂದೇ ಬರೆಯಿರಿ, ಅದು ಹೆಚ್ಚಿನ ಆದ್ಯತೆಯ ಬಾಬ್ತು. ಧೂಳೇಳುವ ರಸ್ತೆ ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಪಕ್ಕದಲ್ಲಿ ಶಾಲೆ-ಅಂಗನವಾಡಿ ಇವೆಯೇ, ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಹೊಡೆಯಬೇಕು ಎಂಬುದೆಲ್ಲ ಇರಲಿ. ಸ್ವೀಕೃತಿ ಪಡೆಯದೆ ಅರ್ಜಿ ಕೊಡಬೇಡಿ.